ಹುಡುಗಿಯರ ಕಡೆ ನೋಡದ ಹುಡುಗ

ನಮ್ಮ ಕರಾವಳಿಯಲ್ಲಿ ಒಳ್ಳೆ ಹುಡುಗ ಅನ್ನಿಸಿಕೊಳ್ಳಲು ಹೆಚ್ಚೇನೂ ಬೇಡ, ಹುಡುಗಿಯರ ಕಡೆ ಕಣ್ಣೆತ್ತಿ ನೋಡದಿದ್ದರಾಯಿತು. ಈ ಪರೀಕ್ಷೆಯಲ್ಲಿ ನಾನು ಓದದೆಯೇ ರ‍್ಯಾಂಕ್ ಬಂದವನು.

“ನಮ್ಮ ಮಾಣಿ ಅಪ್ಪಟ ಚಿನ್ನ, ಕಾಲೇಜಿಗೆ ಹೋದರೂ ಒಂದು ಹುಡುಗಿಯ ಸುದ್ದಿ ಇಲ್ಲ” ಎಂದು ದೊಡ್ಡಮ್ಮ ಮದುವೆಮನೆಯ ಪಂಕ್ತಿ ಪಂಕ್ತಿಗೂ ಬಡಿಸುತ್ತಿದ್ದರು. ಹುಡುಗನ ಸುದ್ದಿ ಉಂಟಾ ಅಂತ ಯಾರೂ ಕೇಳಲಿಲ್ಲ. ಕೇಳದ್ದಕ್ಕೆ ನಾನೂ ಹೇಳಲಿಲ್ಲ.

ಡಿಗ್ರಿಯ ಎರಡನೇ ವರ್ಷ. ಪುತ್ತೂರಿನಿಂದ ಮಂಗಳೂರಿಗೆ ಬಸ್ಸು. ನಾನು, ಅವನು, ಇಬ್ಬರಿಗೂ ಸೇರಿ ಒಂದು ಇಯರ್‌ಫೋನು. ಅವನ ತಲೆ ನನ್ನ ಹೆಗಲ ಮೇಲೆ. ಮುಂದಿನ ಸೀಟಿನಲ್ಲಿ ನಮ್ಮದೇ ಕ್ಲಾಸಿನ ಹುಡುಗ, ಹುಡುಗಿ; ನಡುವೆ ಟಿಫಿನ್ ಬ್ಯಾಗು. ದಾರಿಯಲ್ಲಿ ನಾಲ್ವರು ಸಂಸ್ಕೃತಿ ರಕ್ಷಕರು ಹತ್ತಿದರು. “ನಿನ್ನ ಹೆಸರೆಂತ? ಅವಳದ್ದೆಂತ?” ಎರಡೂ ಹೆಸರು ಒಂದೇ ದೇವರಿಗೆ ಸೇರಿದ್ದಲ್ಲ. ಇಬ್ಬರನ್ನೂ ಕೆಳಗಿಳಿಸಿದರು. ಅವರಲ್ಲೊಬ್ಬ ಅಣ್ಣ ತಿರುಗಿ ನಮ್ಮನ್ನು ನೋಡಿದ. ನನ್ನ ಜೀವ ಬಾಯಿಗೆ ಬಂತು. ಆತ ನನ್ನ ಬೆನ್ನು ತಟ್ಟಿದ: “ಹುಡುಗರು ಅಂದರೆ ಹೀಗಿರಬೇಕು ನೋಡಿ!”

ಕಾವಲಿನ ಒಂದು ಕಣ್ಣು ಹುಡುಗನ ಮೇಲೆ, ಇನ್ನೊಂದು ಹುಡುಗಿಯ ಮೇಲೆ. ಹುಡುಗನ ಪಕ್ಕ ಹುಡುಗನೇ ಕೂತರೆ ಎರಡನೇ ಕಣ್ಣಿಗೆ ರಜೆ. ಯಕ್ಷಗಾನದಲ್ಲಿ ಮೀಸೆ ಬೋಳಿಸಿದ ಮೋಹಿನಿಯನ್ನು ಬೆಳಗಿನ ತನಕ ರೆಪ್ಪೆ ಮುಚ್ಚದೆ ನೋಡುವ ಊರು ನಮ್ಮದು. ಚೌಕಿಯಲ್ಲಿ ಬಣ್ಣ ಒರೆಸಿದ ಮೇಲೆ ಎಲ್ಲರೂ ಸುಸಂಸ್ಕೃತರು.

ಅಂದು ನಾವಿಬ್ಬರೂ ಬಸ್ಸಿನಿಂದ ಇಳಿಯಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಒಳ್ಳೆ ಹುಡುಗರು ಹಾಗೆಲ್ಲ ಮಾಡುವುದಿಲ್ಲ.

ಡಿಗ್ರಿಗೆ ಸೇರಿದ್ದು 2011ರಲ್ಲಿ. ಆಗ ನಾನು ಅಪರಾಧಿಯಲ್ಲ. ಗಂಡು ಗಂಡನ್ನು ಕೂಡಿದರೆ ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲನ್ನು 2009ರಲ್ಲೇ ದೆಹಲಿ ಹೈಕೋರ್ಟ್ ಕಿತ್ತಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದಕ್ಕೆ ಹೊಸ ಹಲ್ಲುಸೆಟ್ಟು ಕಟ್ಟಿಸಿತು. ಕೊನೆಯ ವರ್ಷದಲ್ಲಿ ನಾನು ಅಪರಾಧಿಯಾದೆ. ನಡುವೆ ನಾನು ಮಾಡಿದ್ದು ಬಿ.ಕಾಂ. ಮಾತ್ರ!

ಅದೇ ವರ್ಷ, ನನ್ನಂಥವರ ಕಥೆ ಹೇಳುವ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಿತ್ತು. ಕಾಸ್ಟ್ ಅಕೌಂಟಿಂಗ್ ಪುಸ್ತಕದೊಳಗೆ ಅಡಗಿಸಿಟ್ಟು ಓದಿದೆ. “ಲೆಕ್ಕ ಓದಿ ಅಳುವವನನ್ನು ಇವತ್ತೇ ನೋಡಿದ್ದು” ಎಂದರು ಅಪ್ಪ.

ಕಾಲೇಜು ಬಿಡುವಾಗ ಟಿ.ಸಿ.ಯಲ್ಲಿ ಬರೆದರು: ಗುಣನಡತೆ ಉತ್ತಮ. ಅಪರಾಧಿಗೆ ಅಷ್ಟು ಒಳ್ಳೆಯ ಸರ್ಟಿಫಿಕೇಟು ಯಾವ ಜೈಲೂ ಕೊಡುವುದಿಲ್ಲ.

2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟ್ ನನ್ನನ್ನು ಖುಲಾಸೆ ಮಾಡಿತು. 2023ರ ಅಕ್ಟೋಬರ್ 17ರಂದು, ಮದುವೆಯ ವಿಚಾರವನ್ನು ಮಾತ್ರ ಸಂಸತ್ತು ನೋಡಿಕೊಳ್ಳಲಿ ಎಂದು ಕೈ ತೊಳೆದುಕೊಂಡಿತು. ಆ ದೀಪಾವಳಿಗೆ ಊರಿಗೆ ಹೋದರೆ ದೊಡ್ಡಮ್ಮ ಜಗಲಿಯಲ್ಲೇ ಹಿಡಿದರು.

“ಮದುವೆಯೂಟ ಯಾವಾಗ ಹಾಕಿಸ್ತಿ ಮಾಣಿ?”

“ಸುಪ್ರೀಂ ಕೋರ್ಟ್ ಬಿಡ್ತಾ ಇಲ್ಲ ದೊಡ್ಡಮ್ಮಾ.”

ದೊಡ್ಡಮ್ಮನ ಎಲೆಅಡಿಕೆ ಅಲ್ಲೇ ನಿಂತಿತು. “ಎಂತ, ಜಾಗದ ಕೇಸಾ?”

ಒಳಗೆ ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತು ಹೇಳಿದೆ: “ಹೌದು. ಜಾಗದ್ದೇ ಕೇಸು.”