ಸಾಹುಕಾರ್ರ ನಾಲ್ಕು ಕೋಟಿ

ಭರಮಸಾಗರದ ಸಾಹುಕಾರ್ರಿಗೆ ಊರಲ್ಲಿ ಹನ್ನೆರಡು ಅಂಕಣದ ಮನೆ ಇದೆ. ಮುಂದೆ ಜಗಲಿ, ಹಿಂದೆ ಹಿತ್ತಲು, ಮಧ್ಯೆ ಎತ್ತಿನ ಗಾಡಿ ತಿರುಗಿಸುವಷ್ಟು ಪಡಸಾಲೆ. ಇರುವವರು ಗಂಡ ಹೆಂಡತಿ ಇಬ್ಬರೇ. ಹೀಗಿದ್ದೂ ಸಾಹುಕಾರ್ರು ಬೆಂಗಳೂರಿನ ಹೊರವಲಯದಲ್ಲಿ ನಾಲ್ಕು ಕೋಟಿ ಸುರಿದು ಒಂದು ವಿಲ್ಲಾ ಕೊಂಡರು.

ಯಾಕೆ ಅಂದರೆ ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಾರೆ. ಬ್ಯಾಂಕ್ ಮ್ಯಾನೇಜರಿಗೆ ‘ಇನ್ವೆಸ್ಟ್‌ಮೆಂಟು’. ಊರಿನ ಹಿರಿಯರಿಗೆ ‘ಮಗನ ಕೆಲಸ ಅಲ್ಲೇ ಐತಲ್ಲ’. ಹೆಂಡತಿಗೆ ‘ನಿನಗೋಸ್ಕರ ಕಣೇ’. ಮೂರನೆಯದನ್ನು ಹೆಂಡತಿ ಈವರೆಗೆ ನಂಬಿಲ್ಲ.

ಇಂಥ ಸಾಹುಕಾರ್ರು ಒಬ್ಬರೇ ಅಂದುಕೊಳ್ಳಬೇಡಿ. ಹಿರಿಯೂರಿನಿಂದ ದಾವಣಗೆರೆವರೆಗೆ 48ನೇ ಹೆದ್ದಾರಿಯ ಎಡಬಲಕ್ಕೆ ಊರಿಗೊಬ್ಬರಾದರೂ ಸಿಗುತ್ತಾರೆ. ಒಬ್ಬರಿಗೆ ಕ್ರಷರ್ ದುಡ್ಡು, ಇನ್ನೊಬ್ಬರಿಗೆ ಹೆದ್ದಾರಿಗೆ ಹೋದ ಜಮೀನಿನ ಪರಿಹಾರ, ಮತ್ತೊಬ್ಬರಿಗೆ ಅಡಿಕೆ. ನಮ್ಮವರದು ಅಡಿಕೆ. 2021ರಲ್ಲಿ ಸಿರಿಗೆರೆಯ ತರಳಬಾಳು ಜಗದ್ಗುರುಗಳ ಮುತುವರ್ಜಿಯಿಂದ ತುಂಗಭದ್ರೆಯ ನೀರು ಪೈಪಿನಲ್ಲಿ ಹರಿದುಬಂದು ಭರಮಸಾಗರದ ಕೆರೆಗೆ ಬಿದ್ದಾಗ ಊರಿಗೆ ಊರೇ ಏರಿ ಮೇಲೆ ನಿಂತು ನೋಡಿತ್ತು. ಬತ್ತಿದ ಬೋರುಗಳು ಉಸಿರಾಡಿದವು, ಮೆಕ್ಕೆಜೋಳದ ಹೊಲದಲ್ಲಿ ಅಡಿಕೆ ಸಸಿ ಎದ್ದವು. ಭೀಮಸಮುದ್ರದ ಕಡೆ ಸಾಹುಕಾರ್ರದ್ದು ಫಸಲು ಬಿಡುವ ಹಳೇ ತೋಟ ಮೊದಲೇ ಇತ್ತು. 2023ರಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದ್ದೇ ಅವರ ನಡಿಗೆ ಬದಲಾಯಿತು.

ಕೆರೆ ಕಟ್ಟಿಸಿ ಊರಿಗೆ ಹೆಸರು ಕೊಟ್ಟ ಚಿತ್ರದುರ್ಗದ ಭರಮಣ್ಣನಾಯಕ 1689ರಿಂದ 1721ರವರೆಗೆ ಆಳಿದವನು. ಅವನ ಕಾಲದಲ್ಲಿ ಕೆರೆಗಳೇ ಇಪ್ಪತ್ತರಷ್ಟು, ದೇವಸ್ಥಾನ ಮೂವತ್ತರಷ್ಟು ಎದ್ದವು. ಅರಮನೆ ಎರಡೋ ಮೂರೋ ಎಂದು ಚರಿತ್ರೆಕಾರರು ಬರೆಯುತ್ತಾರೆ. ಪಾಪ, ನಾಯಕನಿಗೆ ದಾವಣಗೆರೆಯಲ್ಲಿ ಷಡ್ಡಕ ಇದ್ದಂತೆ ಕಾಣುವುದಿಲ್ಲ.

ಸಾಹುಕಾರ್ರಿಗೆ ಇದ್ದಾನೆ. ಈ ಷಡ್ಡಕ ಎರಡು ವರ್ಷದ ಕೆಳಗೆ ಗೃಹಪ್ರವೇಶ ಮಾಡಿ, ಲಿಫ್ಟಿನಲ್ಲಿ ಒಂದೇ ಅಂತಸ್ತು ಮೇಲಕ್ಕೆ ಕರೆದೊಯ್ದು, ಹೋಮ್ ಥಿಯೇಟರ್ ತೋರಿಸಿ, ‘ನೀವೂ ಒಂದು ಹಿಂಗೆ ಮಾಡ್ಕಳ್ರಿ ಅಣ್ಣಾ’ ಅಂದುಬಿಟ್ಟ. ಅವತ್ತು ಹೋಳಿಗೆ ಊಟ ಸಾಹುಕಾರ್ರ ಗಂಟಲಲ್ಲಿ ಇಳಿಯಲಿಲ್ಲ. ಅಮೆರಿಕದ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲೇ ಒಂದು ಪುಸ್ತಕ ಬರೆದು, ಸಿರಿವಂತರು ಖರ್ಚು ಮಾಡುವುದು ಸುಖಕ್ಕಿಂತ ಹೆಚ್ಚಾಗಿ ನಾಲ್ಕು ಜನ ನೋಡಲಿ ಅಂತ ಎಂದು ವಾದಿಸಿದ. ವೆಬ್ಲೆನ್ ಹೇಳಿದ್ದರಲ್ಲಿ ನನ್ನದೊಂದು ಸಣ್ಣ ತಕರಾರು: ನಾಲ್ಕು ಜನ ಬೇಕಿಲ್ಲ, ಷಡ್ಡಕ ಒಬ್ಬ ಸಾಕು.

ಮನಸ್ಸಿನಲ್ಲಿದ್ದ ಒಂಚೂರು ಅಳುಕನ್ನೂ ಪತ್ರಿಕೆ ಕಳೆಯಿತು. 2024ರ ಡಿಸೆಂಬರ್‌ನಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿಯವರು ಬೆಂಗಳೂರಿನ ಕಿಂಗ್‌ಫಿಷರ್ ಟವರ್ಸ್‌ನ 16ನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡ ಸುದ್ದಿ ಬಂತು. ಸುಮಾರು 8,400 ಚದರಡಿ, ಐದು ಕಾರು ನಿಲ್ಲಿಸುವ ಜಾಗ, 50 ಕೋಟಿ ರೂಪಾಯಿ. ಸಾಹುಕಾರ್ರು ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡರು. ‘ಸರಳತೆಗೆ ಹೆಸರಾದೋರೇ ತಗಂಡಾರೆ. ನಾನು ತಗೊಂಡಿದ್ದು ಅದರಾಗೆ ಹನ್ನೆರಡರಲ್ಲಿ ಒಂದು ಪಾಲು!’ ಎಂಬುದು ಅವರ ಮಿತವ್ಯಯದ ಲೆಕ್ಕ.

ವಿಲ್ಲಾ ತೋರಿಸಿದ ಟೈ ಹುಡುಗ ಮೊದಲು ರೇರಾ ನೋಂದಣಿಯ ಹಾಳೆ ಚಾಚಿದ. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70 ಭಾಗವನ್ನು ಬಿಲ್ಡರು ಬೇರೆ ಖಾತೆಯಲ್ಲೇ ಇಡಬೇಕೆಂಬ 2016ರ ಕಾನೂನನ್ನೂ ವಿವರಿಸಿದ. ಸಾಹುಕಾರ್ರು ಕೇಳಿದ್ದು ಎರಡೇ ಪ್ರಶ್ನೆ. ‘ಈಶಾನ್ಯ ಯಾವ ಕಡೆ? ಪಕ್ಕದ ಮನೆ ಯಾರು ತಗಂಡಾರೆ?’ ಹುಡುಗ ಚುರುಕು. ದನಿ ತಗ್ಗಿಸಿ, ‘ಒಬ್ರು ಸಿನಿಮಾದವರು ಸಾರ್, ಹೆಸರು ಹೇಳೋಹಾಗಿಲ್ಲ’ ಅಂದ. ಮುಂಗಡದ ಚೆಕ್ಕು ಅಲ್ಲೇ ಹರಿಯಿತು.

ಕಟ್ಟುತ್ತಿದ್ದ ಮನೆಗೆ ಜಿಎಸ್‌ಟಿ ನೂರಕ್ಕೆ 5, ಅಂದರೆ 20 ಲಕ್ಷ. ಮುದ್ರಾಂಕ ಶುಲ್ಕ ನೂರಕ್ಕೆ 5, ಮತ್ತೆ 20 ಲಕ್ಷ. ನೋಂದಣಿ ಶುಲ್ಕ ಒಂದಿದ್ದದ್ದು 2025ರ ಆಗಸ್ಟ್ 31ರಿಂದ ಎರಡಾಯಿತು. ಮುಹೂರ್ತ ಚೆನ್ನಾಗಿಲ್ಲವೆಂದು ತಿಂಗಳು ಮುಂದೆ ಹಾಕಿದ್ದಕ್ಕೆ 4 ಲಕ್ಷದ ಬದಲು 8 ಲಕ್ಷ. ಒಟ್ಟು 48 ಲಕ್ಷ, ಸೆಸ್ಸು ಬೇರೆ. ಆ ದುಡ್ಡಲ್ಲಿ ಭರಮಸಾಗರದಲ್ಲಿ ಒಳ್ಳೇ ಮನೆಯೊಂದು ಏಳುತ್ತದೆ. ಇದನ್ನು ಹೆಂಡತಿ ಹೇಳಿದಾಗ ಸಾಹುಕಾರ್ರು ಫೋನ್ ಬಂದವರಂತೆ ಎದ್ದು ಹೋದರು.

ಗೃಹಪ್ರವೇಶಕ್ಕೆ ಎರಡು ಬಸ್ಸು ಹೊರಟವು. ಇಟಾಲಿಯನ್ ಮಾರ್ಬಲ್ ಮೇಲೆ ಕಾಲಿಟ್ಟ ಮುದುಕಿಯರು ‘ಜಾರ್ತತೆ ಕಣವ್ವಾ’ ಎಂದು ಗೋಡೆ ಹಿಡಿದು ನಡೆದರು. ಅಡುಗೆಮನೆಯಲ್ಲಿ ಸಾಹುಕಾರ್ತಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ಕೂಡಲೇ ಹೊಗೆ ಗಂಟೆ ಬಡಿದುಕೊಂಡು ಸೆಕ್ಯೂರಿಟಿಯವನು ಓಡಿಬಂದ. ಬಾಲ್ಕನಿಯಲ್ಲಿ ಸಂಡಿಗೆ ಒಣಹಾಕಿದ್ದಕ್ಕೆ ಅಸೋಸಿಯೇಷನ್‌ನಿಂದ ಪತ್ರ ಬಂತು. ಅಂದಿನಿಂದ ಅಲ್ಲಿದ್ದಷ್ಟು ದಿನ ರೊಟ್ಟಿ ಬೆಂದದ್ದು ಹಿಂದಿನ ಬಟ್ಟೆ ಒಗೆಯುವ ಮೂಲೆಯಲ್ಲಿ, ಊರಿಂದ ತಂದ ಒಂದೇ ಬರ್ನರಿನ ಒಲೆ ಮೇಲೆ. ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಜರ್ಮನ್ ಒಲೆಗೆ ಪ್ಲಾಸ್ಟಿಕ್ ಕವರು.

ಮಗ ಆಫೀಸಿಗೆ ದೂರವೆಂದು ಗೆಳೆಯರ ಜೊತೆ ಪಿಜಿಯಲ್ಲೇ ಇದ್ದಾನೆ. ಆದರೆ ಅವನ ಬಯೋಡೇಟಾದಲ್ಲಿ ‘ಬೆಂಗಳೂರಿನಲ್ಲಿ ಸ್ವಂತ ವಿಲ್ಲಾ’ ಎಂಬ ಸಾಲು ಸೇರಿದ ಮೇಲೆ ಹೆಣ್ಣು ಕೊಡುವವರು ತಾವಾಗಿಯೇ ಫೋನ್ ಮಾಡುತ್ತಿದ್ದಾರೆ. ನಮ್ಮ ಕಡೆ ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವಾಗ ಇದು ಸಣ್ಣ ಲಾಭವಲ್ಲ. ಸಾಹುಕಾರ್ರಿಗಿರುವ ಕಾರಣಗಳಲ್ಲಿ ಗಟ್ಟಿಯಾದದ್ದು ಇದೊಂದೇ, ಇದನ್ನು ಮಾತ್ರ ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

ಸದ್ಯ ವಿಲ್ಲಾಕ್ಕೆ ಬೀಗ. ನಿಮಗೇನಾದರೂ ಬೆಂಗಳೂರಲ್ಲಿ ಆಸ್ಪತ್ರೆಯದ್ದೋ ಕೋರ್ಟಿನದ್ದೋ ಕೆಲಸವಿದ್ದು ಎರಡು ದಿನ ತಂಗಬೇಕಾದರೆ ಸಾಹುಕಾರ್ರಿಗೆ ಒಂದು ಮಾತು ಹೇಳಿ, ಕೀಲಿ ಕೈಗಿಡುತ್ತಾರೆ. ಬಾಡಿಗೆ ಏನೂ ಬೇಡ. ಸ್ವಿಮ್ಮಿಂಗ್ ಪೂಲಿನ ಹತ್ತಿರ ನಿಂತು ಒಂದು ಫೋಟೋ ತೆಗೆದು ದಾವಣಗೆರೆಯ ಷಡ್ಡಕನಿಗೆ ವಾಟ್ಸಾಪ್ ಮಾಡಿದರೆ ಆಯಿತು; ನಂಬರನ್ನು ಅವರೇ ಕೊಡುತ್ತಾರೆ.