ಗಬ್ಬರನ ಕೆರೆತ

1975ರಲ್ಲಿ ತೆರೆಕಂಡ ‘ಶೋಲೆ’ಯ ರಾಮದೇವರ ಬೆಟ್ಟ ಕಾಣುವ ಊರಲ್ಲಿ ನಾಯಿಗೆ ಗಬ್ಬರ್ ಎಂದು ಹೆಸರಿಟ್ಟರೆ ತಪ್ಪೇನು? ಆದರೆ ನಮ್ಮ ಗಬ್ಬರನಿಗೆ ಲೂಟಿಗೆ ಪುರುಸೊತ್ತಿಲ್ಲ. ಬೆಳಗಿನಿಂದ ಹಿಂಗಾಲೆತ್ತಿ ಕೆರೆದುಕೊಳ್ಳುವುದೇ ಕಾಯಕ. ಕಿವಿಯಂಚು, ಮೊಣಕೈ ಬೋಳಾಗಿ ಹಕ್ಕಳೆ ಕಟ್ಟಿವೆ.

ಸಲಹೆಗೇನು ಬರ! ಮಾಗಡಿಯ ಭಾವ ಬೇವಿನೆಣ್ಣೆ ಎಂದರು. ಕನಕಪುರದ ಚಿಕ್ಕಪ್ಪ ಹಳೇ ಎಂಜಿನ್ ಆಯಿಲ್ ಬಳಿ ಎಂದರು. ನಾಯಿ ಅದನ್ನು ನೆಕ್ಕಿದರೆ ವಿಷ. ಅದು ಅವರ ಟ್ರ್ಯಾಕ್ಟರಿಗೇ ಇರಲಿ. ಚನ್ನಪಟ್ಟಣದ ಅತ್ತಿಗೆಯೊಬ್ಬರೇ ‘ಡಾಕ್ಟರಿಗೆ ತೋರಿಸ್ರೀ’ ಎಂದದ್ದು.

ಪಶುವೈದ್ಯರು ಚರ್ಮ ಹೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ಕಜ್ಜಿನುಸಿ ಎಂದರು. ಮನುಷ್ಯರಿಗೂ ತುಸು ಹತ್ತೀತು ಎಂದದ್ದೇ ತಡ, ಮನೆಮಂದಿಯೆಲ್ಲ ಪರಪರ ಕೆರೆಯತೊಡಗಿದರು!

ನಿಜವಾದ ಪೀಕಲಾಟ ನಾವು ಸಾಕುವ ರೇಷ್ಮೆಹುಳುವಿನದು. ಉಣ್ಣೆ, ನುಸಿ ಕೊಲ್ಲುವ ಔಷಧಿ ಸೊಪ್ಪಿಗೆ ಸೋಕಿದರೂ ಹುಳು ಸಾಯುತ್ತವೆ. ನಮ್ಮವು ಆಗಲೇ ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಿದ್ದವು. ಗಬ್ಬರನಿಗೆ ಗಡಿಪಾರು! ತೋಟದಾಚೆ ತೆಂಗಿನ ಬುಡದಲ್ಲೇ ಸ್ನಾನ, ಊಟ, ವಾಸ. ಅವನನ್ನು ಮುಟ್ಟಿದವರು ಕೈ ತೊಳೆದು, ಬಟ್ಟೆ ಬದಲಿಸಿಯೇ ಹುಳುಮನೆಗೆ ಬರಬೇಕೆಂದು ಅಮ್ಮನ ಕಟ್ಟಪ್ಪಣೆ. ಗೂಡು ರಾಮನಗರದ ಮಾರುಕಟ್ಟೆ ಸೇರಿ ಒಳ್ಳೇ ರೇಟು ಸಿಕ್ಕರೆ ಅವನಿಗೊಂದು ಹೊಸ ಬೆಲ್ಟಂತೆ.