ಬಿಸ್ಕತ್ತಿಗೆ 18, ವಿಮಾನಕ್ಕೆ 5

‘ಅದೆಲ್ಲ ನಮ್ಮ ಟ್ಯಾಕ್ಸ್ ದುಡ್ಡು ಮಾರಾಯ್ರೆ!’ ಸೋಗಾನೆಯ ಸುಮಾರು 450 ಕೋಟಿಯ ವಿಮಾನ ನಿಲ್ದಾಣದ ಕಡೆ ಕೈ ತೋರಿಸಿ ಹೀಗೆ ಎದೆಯುಬ್ಬಿಸುವವರು ಶಿವಮೊಗ್ಗ, ಭದ್ರಾವತಿಯಲ್ಲಿ ಬೀದಿಗೊಬ್ಬರು. ರಿಟರ್ನ್ಸ್ ಹಾಕಿ ಬಂದ ದಿನ ಇವರ ನಡಿಗೆಯೇ ಬೇರೆ. ದೇಶವನ್ನೇ ಸಾಕುತ್ತಿರುವ ಯಜಮಾನರ ಗತ್ತು. ‘2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲವಲ್ಲ, ನಿಮ್ಮದೆಷ್ಟು?’ ಎಂದು ಕೇಳಿ ನೋಡಿ. ತಕ್ಷಣ ಅವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಹಾಗಾದರೆ ಕೊಡುವವರು ಯಾರು? ಅಂಗಡಿಯವನು ‘ನಾನೇ ಕಟ್ಟೋದು’ ಅನ್ನುತ್ತಾನೆ. ಕಟ್ಟುವುದು ಅವನು, ಕೊಡುವುದು ಗಿರಾಕಿ. ಮನೆ ಮಾಲೀಕರು ಪಾಲಿಕೆಗೆ ಕಂದಾಯ ಕಟ್ಟಿ ನಿಟ್ಟುಸಿರು ಬಿಡುತ್ತಾರೆ. ಮುಂದಿನ ತಿಂಗಳು ಬಾಡಿಗೆ ಐನೂರು ಏರುತ್ತದೆ, ನಿಟ್ಟುಸಿರು ಬಾಡಿಗೆಯವನ ಪಾಲಾಗುತ್ತದೆ. ಮದುವೆಮನೆಯಲ್ಲಿ ಎಲೆ ಎತ್ತುವ ಕೆಲಸದಂತೆ, ಎಲ್ಲರೂ ಜಾರಿಕೊಂಡ ಮೇಲೆ ಉಳಿದವನ ತಲೆಗೇ ತೆರಿಗೆ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಿನಿಂದ 2025ರ ಸೆಪ್ಟೆಂಬರ್‌ವರೆಗೆ ಬಿಸ್ಕತ್ತಿಗೆ ಶೇ 18, ವಿಮಾನದ ಎಕಾನಮಿ ಟಿಕೆಟ್ಟಿಗೆ ಶೇ 5. 2023ರ ಆಗಸ್ಟ್ 31ರಂದು ಸೋಗಾನೆಗೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅದನ್ನು ಬೇಲಿಯಾಚೆ ನಿಂತು, ಪಾರ್ಲೆ-ಜಿಯನ್ನು ಟೀಗೆ ಅದ್ದುತ್ತಾ ಬಾಯಿಬಿಟ್ಟು ನೋಡಿದವನಿದ್ದರೆ, ತೆರಿಗೆಯ ದರದಲ್ಲಿ ಒಳಗೆ ಕೂತವರಿಗಿಂತ ಅವನೇ ಮೂರು ಪಟ್ಟು ಮೇಲೆ ಹಾರುತ್ತಿದ್ದ! ಈಗ ಇಬ್ಬರಿಗೂ ಶೇ 5. ಸಮಾನತೆ ಬರಲು ಎಂಟು ವರ್ಷ ಹಿಡಿಯಿತು, ಅಷ್ಟೆ.

ಅವನು ಬೈಕ್ ಹತ್ತಿ ಮನೆಗೆ ಹೊರಟರೆ? 2024ರ ಜೂನ್‌ನಿಂದ ಪೆಟ್ರೋಲಿಗೆ ರಾಜ್ಯದ ಮಾರಾಟ ತೆರಿಗೆಯೇ ಶೇ 29.84, ಕೇಂದ್ರದ ಸುಂಕ ಬೇರೆ. ಉಡಾನ್ ಯೋಜನೆಯ ಹಾರಾಟಕ್ಕೆ ಸೋಗಾನೆಯಂಥ ನಿಲ್ದಾಣಗಳಲ್ಲಿ ತುಂಬಿಸುವ ಇಂಧನಕ್ಕೆ ಮಾತ್ರ ರಾಜ್ಯದ ತೆರಿಗೆ ಶೇ 1 ಮೀರಬಾರದೆಂಬ ಷರತ್ತು. ಬೈಕಿಗೆ ರೆಕ್ಕೆ ಕಟ್ಟಿಸುವುದೇ ಲಾಭ.

ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಸೀಟು ಸಿಗದೆ ‘ಎಲ್ಲಾ ಬಿಟ್ಟಿ’ ಎಂದು ಗೊಣಗುವ ಗಂಡಸರೇ, ಸೀಟಿನಲ್ಲಿ ಕೂತ ಹೆಂಗಸಿನ ಚೀಲದಲ್ಲಿರುವ ಸೋಪು, ಎಣ್ಣೆ, ಪೇಸ್ಟು ಯಾವುದೂ ಬಿಟ್ಟಿಯಲ್ಲ. ಎಲ್ಲದಕ್ಕೂ ತೆರಿಗೆ ಕೊಟ್ಟೇ ಆಕೆ ಬಸ್ ಹತ್ತಿದ್ದು.

ಎಲ್ಲರಿಗಿಂತ ದೊಡ್ಡ ದಾನಿ, ಸಂಜೆ ಅಬಕಾರಿಗೆ ಕಾಣಿಕೆ ಹಾಕಿ ತೂರಾಡುತ್ತ ಬರುವವನು. ರಸೀತಿ ಕೇಳುವುದಿಲ್ಲ, ವಿನಾಯಿತಿ ಬೇಡುವುದಿಲ್ಲ, ಬಜೆಟ್ಟಿನಲ್ಲಿ ದರ ಏರಿದರೂ ಧರಣಿ ಕೂರುವುದಿಲ್ಲ. ಖಜಾನೆ ತುಂಬಿಸಿದ ಈ ಪುಣ್ಯಾತ್ಮನಿಗೆ ಒಂದು ಸಲಾಮಾದರೂ ಬೇಡವೇ? ದಾರಿಯಲ್ಲಿ ಪೊಲೀಸರು ಅಡ್ಡಹಾಕಿ ‘ಊದು’ ಅನ್ನುತ್ತಾರೆ.